ಸೊನ್ನೆ ಹೊಡೆದರೆ ಭಾಗಾಕಾರ ಆಗುವುದಿಲ್ಲ



ಈ ಸಲದ ಗೋಡೆ ಪತ್ರಿಕೆಗೆ ಲೆಕ್ಕದ ಮೇಲೆ ಒಂದು ಲೇಖನ ಬೇಕು ಎಂದು ನಮ್ಮ ಲೆಕ್ಕದ ಮೇಷ್ಟ್ರು ಹೇಳಿದರು. ನಾನು ಆರಿಸಿಕೊಂಡ ವಿಷಯ, ಚಿಕ್ಕ ಮಕ್ಕಳಿಗೆ ಹತ್ತರಿಂದ ಭಾಗಿಸುವುದನ್ನು ಹೇಳಿಕೊಡುವುದು ಹೇಗೆ ಎಂಬುದು. "ಅಯ್ಯೋ, ಒಂಬತ್ತನೇ ಕ್ಲಾಸಿನವಳಿಗೆ ಇದೊಂದು ವಿಷಯಾನಾ?" ಎಂದು ನಗಬೇಡಿ. ಈ ಸಣ್ಣ ಲೆಕ್ಕವನ್ನು ನಾನು ಒಬ್ಬ ಹುಡುಗನಿಗೆ ತಪ್ಪಾಗಿ ಹೇಳಿಕೊಟ್ಟೆ. ಅದರಿಂದ ಏನೂ ಅರಿಯದ ಒಂದು ಹುಡುಗಿ ಕಳ್ಳಿ ಅನ್ನಿಸಿಕೊಂಡಳು. ಹಾಗಾಗಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು

ಹೋದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಶಂಕರಪುರಂನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಶಂಕರ ಮಠಕ್ಕೂ ದೂರವಿಲ್ಲ, ಗಾಂಧಿ ಬಜಾರಿಗೂ ನಡೆದೇ ಹೋಗಬಹುದು. ಅವರದು ಹಳೇ ವಠಾರದ ಮನೆ. ಒಂದೇ ಸಾಲಿನಲ್ಲಿ ನಾಲ್ಕು ಮನೆ, ಎಲ್ಲರಿಗೂ ಸೇರಿ ಮೇಲೊಂದು ತಾರಸಿ. ಬಿಸಿಲಿರುವ ದಿನಗಳಲ್ಲಿ ಚಿಕ್ಕಮ್ಮ ಉದ್ದಿನ ಹಪ್ಪಳ ಒತ್ತಿ, ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸುತ್ತಾರೆ. ಹತ್ತು ಹಪ್ಪಳಕ್ಕೆ ಒಂದು ಕಟ್ಟು. ಕಟ್ಟುಗಳನ್ನು ಒಂದು ಅಂಗಡಿಗೆ ಕೊಡುತ್ತಾರೆ. ಮನೆಯ ಖರ್ಚಿಗೆ ಅದೂ ಒಂದು ಆಧಾರ.

ಅವರ ಮಗ ಪುಟ್ಟು ನಾಲ್ಕನೇ ತರಗತಿ. ಲೆಕ್ಕ ಎಂದರೆ ಅವನಿಗೆ ಭಯ. "ಅಕ್ಕಾ, ಭಾಗಾಕಾರ ಬರಲ್ಲ" ಅಂದ. ನಾನು ದೊಡ್ಡ ಪಂಡಿತೆಯ ಹಾಗೆ, "ಹತ್ತರಿಂದ ಭಾಗಿಸೋದು ಬಹಳ ಸುಲಭ ಕಣೋ, ಸೊನ್ನೆ ಹೊಡೆದುಹಾಕು, ಮುಗೀತು" ಎಂದು ಹೇಳಿಕೊಟ್ಟೆ. 60 ÷ 10 ಕೊಟ್ಟೆ, 6 ಅಂದ. 250 ÷ 10 ಕೊಟ್ಟೆ, 25 ಅಂದ. ಅವನಿಗೂ ಸಂತೋಷ, ನನಗೂ ಸಂತೋಷ. ಪಾಠ ಐದು ನಿಮಿಷಕ್ಕೆ ಮುಗಿಯಿತು.

ಎರಡು ದಿನ ಬಿಟ್ಟು ಚಿಕ್ಕಮ್ಮ ತಾರಸಿಯ ಹಪ್ಪಳ ಎಣಿಸಿ 305 ಇವೆ ಎಂದರು. "ಪುಟ್ಟು, ಎಷ್ಟು ಕಟ್ಟಾಗುತ್ತೆ ಲೆಕ್ಕ ಹಾಕಿ ಹೇಳೋ, ಅಂಗಡಿಯವರಿಗೆ ಫೋನ್ ಮಾಡ್ಬೇಕು" ಎಂದರು. ಪುಟ್ಟು ಸ್ಲೇಟಿನಲ್ಲಿ 305 ಬರೆದು, ನಾನು ಹೇಳಿದ ಹಾಗೆಯೇ ಸೊನ್ನೆ ಹೊಡೆದ. "35 ಕಟ್ಟಮ್ಮ" ಅಂದ. ಚಿಕ್ಕಮ್ಮ ನಂಬಿ 35 ಕಟ್ಟು ಕೊಡುತ್ತೇನೆ ಎಂದು ಅಂಗಡಿಗೆ ಹೇಳಿಬಿಟ್ಟರು.

ಸಂಜೆ ಕಟ್ಟು ಕಟ್ಟಿದಾಗ ಆದದ್ದು 30 ಮಾತ್ರ. ಮೇಲೆ ಐದು ಬಿಡಿ ಹಪ್ಪಳ. ಐದು ಕಟ್ಟು ಎಲ್ಲಿ ಹೋಯಿತು? ಮಧ್ಯಾಹ್ನ ತಾರಸಿಯ ಮೇಲೆ ಆಡುತ್ತಿದ್ದವಳು ಕೊನೇ ಮನೆಯ ಹುಡುಗಿ ಒಬ್ಬಳೇ. ಅವಳೂ ನಾಲ್ಕನೇ ತರಗತಿಯವಳೇ. ಚಿಕ್ಕಮ್ಮ ಅವಳನ್ನು ಕರೆದು, "ನೀನೇನಾದ್ರೂ ತಗೊಂಡ್ಯೇನೇ?" ಎಂದು ಕೇಳಿದರು. ಅವಳು ಇಲ್ಲ ಅಂದಳು. ಆದರೆ ಅವಳ ಅಮ್ಮ ಬಂದರು, ಮಾತಿಗೆ ಮಾತು ಬೆಳೆಯಿತು, ಆ ಹುಡುಗಿಗೆ ಅವಳ ಅಮ್ಮನಿಂದಲೇ ಏಟು ಬಿತ್ತು.

ರಾತ್ರಿ ನಾನು ಪುಟ್ಟುವಿನ ಸ್ಲೇಟು ನೋಡಿದೆ. 305, ಸೊನ್ನೆಯ ಮೇಲೆ ಅಡ್ಡ ಗೆರೆ, ಕೆಳಗೆ 35. ನನಗೆ ಎದೆ ಧಸಕ್ಕೆಂದಿತು. ಹಪ್ಪಳ ಎಲ್ಲೂ ಹೋಗಿರಲಿಲ್ಲ. ಕಳೆದುಹೋಗಿದ್ದು ಲೆಕ್ಕದಲ್ಲಿ ಮಾತ್ರ. ಆ ರಾತ್ರಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಚಿಕ್ಕಮ್ಮನಿಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಉಳಿದಿದ್ದ ಐದು ಹಪ್ಪಳವನ್ನು ಕರಿದು ತಟ್ಟೆಯಲ್ಲಿಟ್ಟು, "ನಡಿ, ಇಬ್ರೂ ಹೋಗೋಣ" ಎಂದು ಕೊನೇ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಹೇಳಬೇಕಾದದ್ದನ್ನು ನಾನೇ ಹೇಳಿದೆ.

ಆಮೇಲೆ ಪುಟ್ಟುವಿಗೂ ಆ ಹುಡುಗಿಗೂ ಇದೇ ಪಾಠವನ್ನು ತಾರಸಿಯ ಮೇಲೆ ಮೊದಲಿಂದ ಮಾಡಿದೆ. ಹೇಗೆ ಮಾಡಿದೆ ಎಂಬುದೇ ಮುಂದಿನ ಲೇಖನ.

"ಸೊನ್ನೆ ಹೊಡಿ" ಎಂದರೆ ಎಲ್ಲೆಲ್ಲಿ ತಪ್ಪುತ್ತದೆ?

ಮಕ್ಕಳು ದಡ್ಡರಲ್ಲ. ನಾವು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಾರೆ. ಸೊನ್ನೆ ಹೊಡಿ ಎಂದರೆ ಮೂರು ಬಗೆಯ ತಪ್ಪು ಬರುತ್ತದೆ.

ಒಂದು, ನಡುವಿನ ಸೊನ್ನೆ ಹೊಡೆಯುತ್ತಾರೆ. 305 ÷ 10 = 35 ಎನ್ನುತ್ತಾರೆ.
ಎರಡು, ಇರುವ ಸೊನ್ನೆಗಳನ್ನೆಲ್ಲ ಹೊಡೆಯುತ್ತಾರೆ. 5000 ÷ 10 = 5 ಎನ್ನುತ್ತಾರೆ.
ಮೂರು, ಸೊನ್ನೆಯೇ ಇಲ್ಲದಿದ್ದರೆ ಕೈಕಟ್ಟಿ ಕೂರುತ್ತಾರೆ. 47 ÷ 10 ಕೊಟ್ಟರೆ "ಇದಕ್ಕೆ ಬರಲ್ಲ" ಎನ್ನುತ್ತಾರೆ.

ಕೊನೆಯಲ್ಲಿ ಸೊನ್ನೆ ಇದ್ದಾಗ ಆ ಒಂದು ಸೊನ್ನೆ ತೆಗೆದರೆ ಉತ್ತರ ಸರಿ ಬರುತ್ತದೆ ಎಂಬುದು ನಿಜ. ಆದರೆ ಅದು ಯಾಕೆ ಸರಿ ಬರುತ್ತದೆ ಎಂಬುದು ಮಗುವಿಗೆ ಗೊತ್ತಾದ ಮೇಲೆ ಮಾತ್ರ ಆ ಮಾತು ಹೇಳಬೇಕು.

ಮೊದಲನೇ ಹೆಜ್ಜೆ: ಕೈಯಿಂದ ಕಟ್ಟು ಕಟ್ಟಿಸುವುದು

ಮೊದಲು ಸ್ಲೇಟು ಪಕ್ಕಕ್ಕಿಡಿ. ಹುಣಸೆ ಬೀಜ, ಕಡ್ಡಿ, ಕಡಲೆಕಾಯಿ, ಏನಾದರೂ ಸರಿ. ನನಗೆ ಹಪ್ಪಳವೇ ಇತ್ತು. 47 ಹಪ್ಪಳ ಕೊಟ್ಟು ಹತ್ತರ ಕಟ್ಟು ಮಾಡಿ ಎಂದೆ. ಇಬ್ಬರೂ 4 ಕಟ್ಟು ಮಾಡಿ 7 ಬಿಡಿ ಉಳಿಸಿದರು. ಸ್ಲೇಟಿನಲ್ಲಿ "ಬರಲ್ಲ" ಅಂದಿದ್ದ ಪುಟ್ಟು ಕೈಯಿಂದ ಸಲೀಸಾಗಿ ಮಾಡಿದ. ಆಗ ಹೇಳಿದೆ: "ಇದೇ ಕಣೋ ಭಾಗಾಕಾರ. 47 ಭಾಜ್ಯ, 10 ಭಾಜಕ, 4 ಕಟ್ಟು ಭಾಗಲಬ್ಧ, ಉಳಿದ 7 ಶೇಷ." ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಸುವ ಬದಲು ವಸ್ತು ಕಣ್ಣೆದುರು ಇರುವಾಗ ಹೇಳಿದರೆ ಮರೆಯುವುದಿಲ್ಲ.

ಇದನ್ನು ನಮ್ಮ ಮೇಷ್ಟ್ರಿಗೆ ಹೇಳಿದಾಗ ಅವರು ಒಂದು ವಿಷಯ ತಿಳಿಸಿದರು. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಲೆಕ್ಕವನ್ನು ಪರೀಕ್ಷಿಸಿ ಮೂವರು ಸಂಶೋಧಕರು 1985ರಲ್ಲಿ ಪ್ರಕಟಿಸಿದ್ದಾರೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ ಬಂದವು. ಅಂಥದೇ ಲೆಕ್ಕವನ್ನು ಬರೀ ಅಂಕಿಯಲ್ಲಿ ಕೊಟ್ಟಾಗ ನೂರಕ್ಕೆ ಸುಮಾರು 37 ಮಾತ್ರ ಸರಿ. 12 ವರ್ಷದ ಹುಡುಗನೊಬ್ಬನಿಗೆ, 35ಕ್ಕೊಂದರಂತೆ ಹತ್ತು ತೆಂಗಿನಕಾಯಿಗೆ ಎಷ್ಟು ಎಂದು ಕೇಳಿದರಂತೆ. ಅವನು ಸೊನ್ನೆ ಸೇರಿಸುವ ಉಪಾಯ ಮಾಡಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಹೀಗೆ ಕೂಡಿಸುತ್ತಾ 350 ಎಂದು ಸರಿಯಾಗಿ ಹೇಳಿದ. ಕೈಗೆ ಗೊತ್ತಿರುವ ಲೆಕ್ಕ ಸ್ಲೇಟಿಗೆ ಬರುವುದಿಲ್ಲ. ಎರಡನ್ನೂ ಜೋಡಿಸುವುದು ಹೇಳಿಕೊಡುವವರ ಕೆಲಸ.

ಎರಡನೇ ಹೆಜ್ಜೆ: ಹಂಚುವುದೂ ಕಟ್ಟುವುದೂ ಒಂದೇ ಎಂದು ತೋರಿಸುವುದು

60 ÷ 10 ಎಂಬುದಕ್ಕೆ ಎರಡು ಅರ್ಥ ಇದೆ. 60 ಹಪ್ಪಳವನ್ನು ಹತ್ತು ಹತ್ತರ ಕಟ್ಟು ಮಾಡಿದರೆ ಎಷ್ಟು ಕಟ್ಟು? ಇದು ಒಂದು. 60 ಹಪ್ಪಳವನ್ನು ಹತ್ತು ಮನೆಗೆ ಸಮನಾಗಿ ಹಂಚಿದರೆ ಒಂದು ಮನೆಗೆ ಎಷ್ಟು? ಇದು ಇನ್ನೊಂದು. ಎರಡಕ್ಕೂ ಉತ್ತರ 6. "ಅದು ಹೆಂಗಕ್ಕಾ ಎರಡೂ ಒಂದೇ ಬರುತ್ತೆ?" ಎಂದು ಕೊನೇ ಮನೆಯ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ.

ಉತ್ತರ ಹೀಗೆ. ಹತ್ತು ಮನೆಗೆ ಒಂದೊಂದು ಹಪ್ಪಳ ಕೊಡುತ್ತಾ ಒಂದು ಸುತ್ತು ಹೋದರೆ ಹತ್ತು ಹಪ್ಪಳ ಖರ್ಚು. ಎಂದರೆ ಒಂದು ಸುತ್ತಿಗೆ ಒಂದು ಕಟ್ಟು. ಎಷ್ಟು ಕಟ್ಟು ಇದೆಯೋ ಅಷ್ಟು ಸುತ್ತು ಹೋಗಬಹುದು. ಎಷ್ಟು ಸುತ್ತು ಹೋಗುತ್ತೇವೋ ಪ್ರತಿ ಮನೆಗೆ ಅಷ್ಟು ಹಪ್ಪಳ. ತಾರಸಿಯ ಮೇಲೆ ಹತ್ತು ಸೊನ್ನೆ ಬರೆದು, ಅವೇ ಮನೆ ಎಂದು ಹಂಚಿಸಿದೆ. ಆರು ಸುತ್ತಿಗೆ ಎಲ್ಲಾ ಖಾಲಿ. ಅವಳಿಗೆ ಗೊತ್ತಾಯಿತು.

ಮೂರನೇ ಹೆಜ್ಜೆ: ಅಂಕಿಗಳು ಮನೆ ಬದಲಾಯಿಸುವುದು

ಈಗ ಸೀಮೆಸುಣ್ಣದಲ್ಲಿ ನೆಲದ ಮೇಲೆ ಸಾಲಾಗಿ ನಾಲ್ಕು ಮನೆ ಬರೆಯಿರಿ. ಎಡದಿಂದ ಸಾವಿರ, ನೂರು, ಹತ್ತು, ಬಿಡಿ. ನಮ್ಮ ವಠಾರದಲ್ಲೂ ನಾಲ್ಕೇ ಮನೆ ಇದ್ದದ್ದರಿಂದ ಮಕ್ಕಳಿಗೆ ತಮಾಷೆ ಅನ್ನಿಸಿತು. ಬಿಡಿ ಮನೆಯ ಬಲಕ್ಕೆ ಒಂದು ಬಾಗಿಲು ಬರೆದು "ಶೇಷ" ಎಂದು ಬರೆಯಿರಿ. ಅಂಕಿಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದುಕೊಳ್ಳಿ.

ನಿಯಮ ಒಂದೇ: ಹತ್ತರಿಂದ ಭಾಗಿಸಿದರೆ ಪ್ರತಿ ಅಂಕಿಯೂ ಬಲಕ್ಕೆ ಒಂದು ಮನೆ ಸರಿಯುತ್ತದೆ. ಬಿಡಿ ಮನೆಯಲ್ಲಿದ್ದ ಅಂಕಿ ಬಾಗಿಲಿನಿಂದ ಹೊರಗೆ ಹೋಗಿ ಶೇಷವಾಗುತ್ತದೆ.

ಯಾಕೆ ಸರಿಯುತ್ತದೆ? ಒಂದು ನೂರರಲ್ಲಿ ಹತ್ತು ಕಟ್ಟು ಇದೆ. ಆದ್ದರಿಂದ ನೂರರ ಮನೆಯ 3, ಕಟ್ಟಿನ ಲೆಕ್ಕದಲ್ಲಿ 30 ಆಗುತ್ತದೆ. 3 ಹತ್ತರ ಮನೆಗೆ ಬಂತು. ಒಂದು ಹತ್ತು ಎಂದರೆ ಒಂದೇ ಕಟ್ಟು. ಆದ್ದರಿಂದ ಹತ್ತರ ಮನೆಯ ಅಂಕಿ ಬಿಡಿ ಮನೆಗೆ ಬರುತ್ತದೆ. ಬಿಡಿ ಹಪ್ಪಳಕ್ಕೆ ಕಟ್ಟು ಆಗುವುದಿಲ್ಲ, ಅದು ಹೊರಗೆ.

ಈಗ 305 ಇಡೋಣ.

ಸಾವಿರ | ನೂರು | ಹತ್ತು | ಬಿಡಿ | ಶೇಷ
ಮೊದಲು: – | 3 | 0 | 5 |
ಆಮೇಲೆ: – | – | 3 | 0 | 5

ಉತ್ತರ 30, ಶೇಷ 5. ಪುಟ್ಟು ಚೂರುಗಳನ್ನು ತಾನೇ ಸರಿಸಿ, ಕೊನೆಗೆ ಸೊನ್ನೆಯನ್ನು ಕೈಯಲ್ಲಿ ಹಿಡಿದು, "ಅಕ್ಕಾ, ಇದನ್ನ ಬಿಸಾಕಿದ್ರೆ 3 ಮತ್ತೆ ಬಿಡಿ ಮನೆಗೆ ಬಂದುಬಿಡುತ್ತೆ" ಅಂದ. ನಾನು ಹೇಳಿಕೊಟ್ಟದ್ದಲ್ಲ, ಅವನೇ ಕಂಡುಕೊಂಡದ್ದು. ಮನೆಯಲ್ಲಿ ಯಾರೂ ಇಲ್ಲದೆ ಬೀಗ ಹಾಕಿದ್ದರೂ ಅದು ಮನೆಯೇ. ಬೀಗ ಹಾಕಿದೆ ಎಂದು ಮನೆಯನ್ನು ಲೆಕ್ಕಕ್ಕೆ ಬಿಟ್ಟರೆ ಪಕ್ಕದ ಮನೆಯ ನಂಬರೂ ತಪ್ಪುತ್ತದೆ. ಸೊನ್ನೆಯೂ ಹಾಗೆಯೇ.

ಇನ್ನು 5000 ಇಡಿ. 5 ನೂರರ ಮನೆಗೆ ಬಂತು, ಹತ್ತು, ಬಿಡಿ ಎರಡರಲ್ಲೂ ಸೊನ್ನೆ, ಒಂದು ಸೊನ್ನೆ ಬಾಗಿಲಿನಿಂದ ಹೊರಗೆ. ಉತ್ತರ 500, ಶೇಷ 0. ಕೊನೆಯ ಒಂದೇ ಒಂದು ಸೊನ್ನೆ ಯಾಕೆ ಹೋಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

7 ÷ 10 ಕೊಟ್ಟು ನೋಡಿ. 7 ನೇರವಾಗಿ ಹೊರಗೆ ಹೋಗುತ್ತದೆ. ಒಂದು ಕಟ್ಟೂ ಆಗಲಿಲ್ಲ. ಉತ್ತರ 0, ಶೇಷ 7. ಮಕ್ಕಳು "ಉತ್ತರ ಇಲ್ಲ" ಎನ್ನುತ್ತಾರೆ. ಸೊನ್ನೆಯೂ ಒಂದು ಉತ್ತರವೇ ಎಂದು ಹೇಳಿ. ಹೊರಗೆ ಹೋದ ಅಂಕಿ ನಾಶವಾಗುವುದಿಲ್ಲ. ದೊಡ್ಡ ತರಗತಿಯಲ್ಲಿ ಬಾಗಿಲ ಜಾಗದಲ್ಲಿ ದಶಮಾಂಶ ಬಿಂದು ಇಟ್ಟು ಅದರಾಚೆ ಇನ್ನೂ ಮನೆ ಕಟ್ಟುತ್ತೇವೆ. ಆಗ 47 ÷ 10 = 4.7 ಆಗುತ್ತದೆ. ಅಲ್ಲಿಯೂ ನಿಯಮ ಇದೇ. ಸೊನ್ನೆ ಹೊಡೆಯುವುದನ್ನು ಕಲಿತವನಿಗೆ ಅಲ್ಲಿ ದಾರಿ ಸಿಗುವುದಿಲ್ಲ.

ಹತ್ತಕ್ಕೇ ಯಾಕೆ ಇಷ್ಟು ಸುಲಭ?

ಹಪ್ಪಳವನ್ನು ಡಜನ್ ಲೆಕ್ಕದಲ್ಲಿ ಕಟ್ಟಿದರೆ ಅಂಕಿಗಳು ಹೀಗೆ ಸರಿಯುವುದಿಲ್ಲ. ನಾವು ಸಂಖ್ಯೆ ಬರೆಯುವುದೇ ಹತ್ತರ ಕಟ್ಟಿನಲ್ಲಿ. ಹತ್ತು ಬಿಡಿ ಸೇರಿದರೆ ಒಂದು ಹತ್ತು, ಹತ್ತು ಹತ್ತು ಸೇರಿದರೆ ಒಂದು ನೂರು. ನಮ್ಮ ಕರ್ನಾಟಕದಲ್ಲೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಏಕ, ದಶ, ಶತ ಎಂದು ಶುರುವಾಗಿ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರು ಇದೆ. ಒಂದಕ್ಕಿಂತ ಮುಂದಿನದು ಹತ್ತು ಪಟ್ಟು. ಎಂದರೆ 24 ಮನೆಯ ವಠಾರ! ಅಂಥ ದೊಡ್ಡವರೂ ಸೊನ್ನೆಯ ವಿಷಯದಲ್ಲಿ ಒಂದು ಕಡೆ ಎಡವಿದ್ದಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಇರುತ್ತದೆ ಎಂದಿದ್ದಾರೆ. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ, ಸೊನ್ನೆಯಿಂದ ಭಾಗಿಸುವ ಹಾಗೆಯೇ ಇಲ್ಲ. ಆದ್ದರಿಂದ ಪುಟ್ಟು ಎಡವಿದ್ದರಲ್ಲಿ ಆಶ್ಚರ್ಯವಿಲ್ಲ.

ಹತ್ತರ ಸುಖ ಗೊತ್ತಾಗಬೇಕಾದರೆ ಹಳೇ ದುಡ್ಡಿನ ಲೆಕ್ಕ ಕೇಳಬೇಕು. ಚಿಕ್ಕಮ್ಮನ ಅತ್ತೆ, ನಾನು ಅಜ್ಜಿ ಎನ್ನುತ್ತೇನೆ, ಚಿಕ್ಕವರಿದ್ದಾಗ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. "ಒಂದು ರೂಪಾಯಿನ ಹತ್ತು ಜನಕ್ಕೆ ಹಂಚು ನೋಡೋಣ" ಎಂದು ಅಜ್ಜಿ ನಮಗೆ ಸವಾಲು ಹಾಕಿದರು. ತಲೆಗೆ ಒಂದು ಆಣೆ ಕೊಟ್ಟರೆ 6 ಆಣೆ ಉಳಿಯುತ್ತದೆ. 6 ಆಣೆಗೆ 72 ಪೈ. ತಲೆಗೆ 7 ಪೈ ಕೊಟ್ಟರೆ ಇನ್ನೂ 2 ಪೈ ಉಳಿಯುತ್ತದೆ. ತಲೆಗೆ ಒಂದು ಆಣೆ ಏಳು ಪೈ, ಶೇಷ ಎರಡು ಪೈ! 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಎಂದಾಯಿತು. ತಲೆಗೆ 10 ಪೈಸೆ, ಶೇಷ ಇಲ್ಲ. 1958ರ ಅಕ್ಟೋಬರ್ 1ರಿಂದ ಸೇರು, ಮಣಗಳ ಜಾಗಕ್ಕೆ ಹಂತಹಂತವಾಗಿ ಕಿಲೋಗ್ರಾಂ ಬಂತು. ಅದೂ ಹತ್ತರ ಲೆಕ್ಕವೇ.

ಕೊನೆಯ ಹೆಜ್ಜೆ: ತಾಳೆ ನೋಡುವುದು, ಶೇಷವನ್ನು ಯೋಚಿಸುವುದು

ಉತ್ತರ ಬಂದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಮಾಡಿಸಿ.

ಮೊದಲನೆಯದು, ತಿರುಗಿ ಗುಣಿಸಿ ಕೂಡಿಸಿದರೆ ಸರಿ ಬರುತ್ತದೆಯೇ? 30 × 10 + 5 = 305, ಸರಿ. 35 × 10 = 350. ನಮ್ಮಲ್ಲಿ ಇದ್ದದ್ದೇ 305! ಅಂದು ಪುಟ್ಟು ಅಥವಾ ನಾನು ಇಷ್ಟು ನೋಡಿದ್ದರೆ ಆ ಜಗಳವೇ ಆಗುತ್ತಿರಲಿಲ್ಲ. ಹಾಗೆಯೇ ಶೇಷ ಯಾವಾಗಲೂ 10ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಇನ್ನೊಂದು ಕಟ್ಟು ಆಗುತ್ತದೆ ಎಂದರ್ಥ.

ಎರಡನೆಯದು, ಶೇಷವನ್ನು ಏನು ಮಾಡಬೇಕು? 47 ಹಪ್ಪಳ ಇದ್ದರೆ 4 ಕಟ್ಟು, 7 ಮನೆಗೆ. ಆದರೆ 47 ಮಕ್ಕಳನ್ನು ಹತ್ತು ಹತ್ತು ಜನ ಕೂರುವ ವ್ಯಾನಿನಲ್ಲಿ ಕರೆದೊಯ್ಯಬೇಕಾದರೆ 4 ವ್ಯಾನು ಸಾಲದು, 5 ಬೇಕು. ಏಳು ಮಕ್ಕಳನ್ನು ದಾರಿಯಲ್ಲಿ ಬಿಟ್ಟು ಹೋಗುವುದಕ್ಕಾಗುತ್ತದೆಯೇ? ಲೆಕ್ಕ ಒಂದೇ ಆದರೂ ಉತ್ತರ ಹೇಳುವಾಗ ಯಾವುದರ ಲೆಕ್ಕ ಎಂದು ನೋಡಬೇಕು. ಮೊಬೈಲಿನ ಕ್ಯಾಲ್ಕುಲೇಟರು 4.7 ಎಂದು ತೋರಿಸುತ್ತದೆ, ಎಷ್ಟು ವ್ಯಾನು ಬೇಕೆಂದು ಹೇಳುವುದಿಲ್ಲ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಈ ಪಾಠ ಮಾಡುವಾಗ 60, 250 ಥರದ ಲೆಕ್ಕಗಳನ್ನು ಮಾತ್ರ ಕೊಡಬೇಡಿ. 305, 47, 7 ಇಂಥವನ್ನು ಮೊದಲ ದಿನವೇ ಕೊಡಿ. ಸುಲಭದ ಲೆಕ್ಕದಲ್ಲಿ ತಪ್ಪು ದಾರಿಯೂ ಸರಿ ಉತ್ತರ ಕೊಡುತ್ತದೆ. ನನಗೆ ಆದದ್ದು ಅದೇ. ಅವಕಾಶ ಕೊಟ್ಟರೆ ಶನಿವಾರ ಶಾಲೆ ಬಿಟ್ಟ ಮೇಲೆ ಅಂಗಳದಲ್ಲಿ ನಾಲ್ಕು ಮನೆ ಬರೆದು ನಾನೇ ಹೇಳಿಕೊಡುತ್ತೇನೆ.

ನಾನು ಊರಿಗೆ ಹೊರಡುವ ಮೊದಲು ಚಿಕ್ಕಮ್ಮ ಇನ್ನೊಂದು ಸಲ ಹಪ್ಪಳ ಎಣಿಸಿದರು, 412. ಪುಟ್ಟು ಸ್ಲೇಟಿನಲ್ಲಿ ಬರೆದ, 41 ಕಟ್ಟು, ಶೇಷ 2. ಆದರೂ ಚಿಕ್ಕಮ್ಮನಿಗೆ ಕೂಡಲೇ ಹೇಳಲಿಲ್ಲ. ಕೊನೇ ಮನೆಗೆ ಓಡಿಹೋಗಿ ಆ ಹುಡುಗಿಗೆ ಸ್ಲೇಟು ತೋರಿಸಿದ. ಅವಳು 41 × 10 + 2 ಮಾಡಿ ನೋಡಿ, "ಸರಿಯಿದೆ, ಹೇಳು ಹೋಗು" ಅಂದಳು. ಆಮೇಲೇ ಅಂಗಡಿಗೆ ಫೋನ್ ಹೋಯಿತು.

ನೀವೂ ಮಾಡಿ ನೋಡಿ

1) 820 ÷ 10 = ?
2) 806 ÷ 10 = ? ಶೇಷ ಎಷ್ಟು?
3) 6000 ÷ 10 = ?
4) 9 ÷ 10 ಮಾಡಿದಾಗ ಭಾಗಲಬ್ಧ ಎಷ್ಟು, ಶೇಷ ಎಷ್ಟು?
5) ಒಂದು ಸಂಖ್ಯೆಯನ್ನು ಹತ್ತರಿಂದ ಭಾಗಿಸಿದಾಗ ಭಾಗಲಬ್ಧ 52, ಶೇಷ 8. ಆ ಸಂಖ್ಯೆ ಯಾವುದು?
6) ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ 134 ಮಕ್ಕಳು ಹೊರಟಿದ್ದಾರೆ. ಒಂದು ವ್ಯಾನಿನಲ್ಲಿ 10 ಮಕ್ಕಳು ಕೂರಬಹುದು. ಎಷ್ಟು ವ್ಯಾನು ಬೇಕು?
7) ಒಬ್ಬ ಹುಡುಗ 409 ÷ 10 = 49 ಎಂದು ಬರೆದಿದ್ದಾನೆ. ಅವನು ಎಲ್ಲಿ ತಪ್ಪಿದ? ಬಯ್ಯದೆ ಅವನಿಗೆ ಹೇಗೆ ತಿಳಿಸಿಕೊಡುತ್ತೀರಿ?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಲೆಕ್ಕದ ಮೇಷ್ಟ್ರ ಕೈಗೆ ಕೊಡಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ. ಏಳನೇ ಪ್ರಶ್ನೆಗೆ ಚೆನ್ನಾಗಿ ಬರೆದವರ ಉತ್ತರವನ್ನು ಇದೇ ಗೋಡೆಯ ಮೇಲೆ ಹಾಕುತ್ತೇವೆ.